ಬಾಕಿ ಉಳಿದ ಬೀಳ್ಕೊಡುಗೆ

ನನ್ನ ಬಾಯಿಗೆ ಬೀಗ ಹಾಕಬೇಕು ಎಂದು ನನ್ನ ಹೆಂಡತಿ ಮಯೂರಿ ಆಗಾಗ ಹೇಳುತ್ತಾಳೆ. ಎದುರಿಗಿದ್ದವರಿಗೆ ಹಿತವಾಗಲಿ ಎಂದು ಏನಾದರೊಂದು ಅಂದುಬಿಡುವ ಚಾಳಿ ನನ್ನದು. ಇಂದುಶೇಖರ ಅವರ ವಿಷಯದಲ್ಲಿ ಆ ಚಾಳಿ ಮಾಡಿದ ಅನಾಹುತವನ್ನು ಇನ್ನೂ ಅವಳಿಗೆ ಹೇಳಿಲ್ಲ.

ಇಂದುಶೇಖರ ಅರಸೀಕೆರೆಯವರು. ಇಪ್ಪತ್ತೆರಡನೇ ವಯಸ್ಸಿಗೆ ಗುಮಾಸ್ತರಾಗಿ ದೆಹಲಿಗೆ ಬಂದು, ಆರ್.ಕೆ.ಪುರಂನ ನಮ್ಮ ಸರ್ಕಾರಿ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಸವೆಸಿದರು. ಫೈಲಿನ ಕೆಲಸದಲ್ಲಿ ಅವರೇನು ಮಹಾ ಚುರುಕಲ್ಲ, ಸುಳ್ಳೇಕೆ ಹೇಳಲಿ. ಆದರೆ ಯಾರೇ ನಿವೃತ್ತರಾಗಲಿ, ಬೀಳ್ಕೊಡುಗೆಯ ಉಸ್ತುವಾರಿ ಅವರದೇ. ಕರೋಲ್ ಬಾಗ್‌ಗೆ ಹೋಗಿ ಶಾಲು, ಗೋಡೆ ಗಡಿಯಾರ ತರುತ್ತಿದ್ದರು. ಬೆಳಗ್ಗೆಯೇ ಚೆಂಡುಹೂವಿನ ಹಾರ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಎದ್ದು ನಿಂತು ತಮ್ಮ ಅರಸೀಕೆರೆ ಹಿಂದಿಯಲ್ಲಿ ನಾಲ್ಕು ಮಾತಾಡಿ ಎಲ್ಲರನ್ನೂ ನಗಿಸಿ ಅಳಿಸುವವರೂ ಅವರೇ. ಕೊನೆಗೆ, ನಿವೃತ್ತರಾದವರನ್ನು ಹಾರದ ಸಮೇತ ಕಾರಿನಲ್ಲಿ ಕೂರಿಸಿಕೊಂಡು ಇಡೀ ಸೆಕ್ಷನ್ ಮನೆವರೆಗೆ ಹೋಗಿ ಬಿಟ್ಟು, ಅಲ್ಲಿ ಚಹಾ ಕುಡಿದು ಬರಬೇಕು. ಅದು ನಮ್ಮ ಕಚೇರಿಯ ರಿವಾಜು.

"ಒಬ್ನೇ ಮನೆಗೆ ಹೋದ್ರೆ ಅದು ನಿವೃತ್ತಿ ಅಲ್ಲ ಕಿರಣ್, ಅರ್ಧ ದಿನ ರಜಾ ಹಾಕಿದ ಹಾಗೆ," ಎನ್ನುತ್ತಿದ್ದರು.

ಅವರ ಸರದಿ ಬಂದದ್ದು ಎರಡು ಸಾವಿರದ ಇಪ್ಪತ್ತೊಂದರ ಏಪ್ರಿಲ್ ಮೂವತ್ತಕ್ಕೆ. ದೆಹಲಿಯ ಸ್ಮಶಾನಗಳ ಮುಂದೆ ಜನ ಸಾಲು ನಿಂತಿದ್ದ ದಿನಗಳು. ಕಚೇರಿ ಖಾಲಿ. ನಾನು ಜ್ವರದಲ್ಲಿ ಮಲಗಿದ್ದೆ. ಅವರು ಕಾಗದಗಳಿಗೆ ಸಹಿ ಹಾಕಿ, ಗುರುತಿನ ಚೀಟಿಯನ್ನು ಗೇಟಿನ ಗಾರ್ಡ್ ಕೈಗೆ ಕೊಟ್ಟು, ಸ್ಕೂಟರ್ ಹತ್ತಿ ಒಬ್ಬರೇ ಹೋದರಂತೆ. ಆಮೇಲೆ ಕ್ವಾರ್ಟರ್ಸ್ ಬಿಟ್ಟು ದ್ವಾರಕಾ ಕಡೆಯ ಬಾಡಿಗೆ ಮನೆಗೆ ಹೋದರು. ಎಲ್ಲ ಸ್ವಲ್ಪ ತಣ್ಣಗಾಗಲಿ, ಮಾಡೋಣ ಎಂದೆವು ನಾವು. ತಣ್ಣಗಾಯಿತು, ಮರೆತೆವು.

ಈ ಫೆಬ್ರವರಿಯಲ್ಲಿ ನಮ್ಮ ಸೆಕ್ಷನ್ನಿನ ಮುಖ್ಯಸ್ಥರಾದ ರಘುನಂದನ್ ಸಾಹೇಬರ ನಿವೃತ್ತಿ. ಪಾರ್ಟಿಯ ಜವಾಬ್ದಾರಿ ಹೊತ್ತ ಸಂದೀಪ್, ಇಂದುಶೇಖರರನ್ನು ಕರೆಸೋಣ, ಅವರ ಹಾಗೆ ಮಾತಾಡುವವರು ಈಗ ಯಾರಿದ್ದಾರೆ ಎಂದ. ಕನ್ನಡದವನು ನಾನೇ ತಾನೆ, ಫೋನ್ ಮಾಡುವ ಕೆಲಸ ನನ್ನ ತಲೆಗೆ ಬಂತು.

"ಸರ್, ಶನಿವಾರ ಮಧ್ಯಾಹ್ನ ಸೆಕ್ಷನ್‌ನವ್ರೆಲ್ಲ ಗುರುಗ್ರಾಮದಲ್ಲಿ ಸೇರ್ತಿದೀವಿ. ಫೇರ್‌ವೆಲ್ ಪಾರ್ಟಿ. ನೀವು ಬರ್ಲೇಬೇಕು."

"ಐದು ವರ್ಷ ಆಗ್ತಾ ಬಂತಲ್ಲ ಕಿರಣ್," ಎಂದರು.

ನನಗೆ ಮುಜುಗರವಾಯಿತು. "ಹೌದು ಸರ್, ನಿಮ್ದು ಬಾಕಿ ಇತ್ತಲ್ಲ," ಎಂದುಬಿಟ್ಟೆ.

"ಅಚ್ಛಾ, ಅಚ್ಛಾ. ಎಷ್ಟು ಜನ ಆಗ್ತೀರಿ?"

ಹದಿನೈದು ಎಂದೆ. ರಘುನಂದನ್ ಹೆಸರು ನಾಲಿಗೆ ತುದಿಯವರೆಗೂ ಬಂದಿತ್ತು. ಅವರ ದನಿಯಲ್ಲಿದ್ದ ಖುಷಿ ಕೇಳಿ ಸುಮ್ಮನಾದೆ. ಬಂದ ಮೇಲೆ ಹೇಗೂ ಗೊತ್ತಾಗುತ್ತದೆ ಎಂದುಕೊಂಡು ಫೋನ್ ಇಟ್ಟೆ.

ಸಂದೀಪ್ ಹುಡುಕಿದ್ದ ಜಾಗ ಹವಾಯಿ ದ್ವೀಪದ ಮಾದರಿಯ ಒಂದು ರೆಸ್ಟೋರೆಂಟ್. ಸಮುದ್ರವೇ ಇಲ್ಲದ ಗುರುಗ್ರಾಮದಲ್ಲಿ ಒಂದು ಕೊಳ ತೋಡಿ, ದಂಡೆಗೆ ಲಾರಿಗಟ್ಟಲೆ ಮರಳು ಸುರಿದು, ಅದಕ್ಕೆ ಬೀಚ್ ಎಂದು ಹೆಸರಿಟ್ಟಿದ್ದರು. ತೆಂಗಿನ ಮರಗಳು ಪ್ಲಾಸ್ಟಿಕ್ಕಿನವು. ಅಲೆಗಳ ಸದ್ದು ಹುಲ್ಲಿನ ಚಪ್ಪರದಡಿಯ ಸ್ಪೀಕರಿನಿಂದ ಬರುತ್ತಿತ್ತು. ಕೊಳದ ಆಚೆ ದಡದಲ್ಲಿ ಅರ್ಧ ಕಟ್ಟಿದ ಅಪಾರ್ಟ್‌ಮೆಂಟುಗಳು.

ನಾವೆಲ್ಲ ಸೇರಿದ್ದಾಗ, ಹೇಳಿದ ಹೊತ್ತಿಗೆ ಸರಿಯಾಗಿ ಇಂದುಶೇಖರ ಬಂದರು. ನೀಲಿ ಸೂಟು, ಟೈ, ಪಾಲಿಶ್ ಮಾಡಿದ ಬೂಟು. ನಿವೃತ್ತಿಯ ದಿನಕ್ಕೆಂದೇ ಹೊಲಿಸಿಟ್ಟಿದ್ದ ಸೂಟು ಅದು. ಈಗ ಹೆಗಲ ಮೇಲೆ ಸಡಿಲವಾಗಿ ಜೋಲುತ್ತಿತ್ತು. ಮರಳಿನಲ್ಲಿ ಬೂಟು ಹೂತುಹೋಗುತ್ತಿದ್ದುದರಿಂದ ಕಾಲು ಎತ್ತಿ ಎತ್ತಿ ನಡೆದು ಬಂದರು. ಬಾಗಿಲಲ್ಲಿದ್ದ ಹುಡುಗಿ "ಅಲೋಹಾ" ಎಂದು ಹವಾಯಿ ರೀತಿಯಲ್ಲಿ ಸ್ವಾಗತಿಸಿ, ಬಟ್ಟೆ ಹೂವಿನ ಹಾರವೊಂದನ್ನು ಅವರ ಕೊರಳಿಗೆ ಹಾಕಿದಳು. ಅವರು ತಲೆ ಬಾಗಿಸಿ ಹಾಕಿಸಿಕೊಂಡರು. ಸನ್ಮಾನಿತರು ಮಾಡುವಂತೆ ತಕ್ಷಣ ತೆಗೆದು ಕೈಯಲ್ಲಿ ಹಿಡಿದರು. ಎಲ್ಲರಿಗೂ ಕೈ ಮುಗಿದು, ಉದ್ದನೆಯ ಮೇಜಿನ ನಡುವಿನ ಕುರ್ಚಿಯಲ್ಲಿ ಕೂತರು. ಅವರ ಕಣ್ಣು ಒದ್ದೆಯಾಗಿತ್ತು.

"ತಡವಾದರೂ ನೀವು ಮರೆಯಲಿಲ್ಲ," ಎಂದರು ಹಿಂದಿಯಲ್ಲಿ. "ಇಷ್ಟೇ ಸಾಕು ನನಗೆ."

ಸಂದೀಪ್ ನನ್ನ ಮುಖ ನೋಡಿದ. ನಾನು ಮೆನು ನೋಡಿದೆ. ನನ್ನಂಥ ಹೇಡಿಗೆ ಮೆನು ಒಳ್ಳೆಯ ಆಸರೆ.

ಅಷ್ಟರಲ್ಲಿ ರಘುನಂದನ್ ಸಾಹೇಬರು ಎಂದಿನಂತೆ ಎಲ್ಲರಿಗಿಂತ ತಡವಾಗಿ ಬಂದರು. ಅವರ ಕೊರಳಿಗೂ ಅಂಥದೇ ಹಾರ ಬಿತ್ತು. ಹಿಂದೆಯೇ ಬಂದ ಯಾವುದೋ ಕುಟುಂಬದ ಮೂರು ವರ್ಷದ ಮಗುವಿಗೂ ಒಂದು ಬಿತ್ತು. ಮಾಣಿ ತಂದಿಟ್ಟ ಕೇಕಿನ ಮೇಲೆ ರಘುನಂದನ್ ಹೆಸರಿತ್ತು. ಇಂದುಶೇಖರ ಕೇಕನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಮಾಡಿಕೊಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಎದ್ದು, ಕುರ್ಚಿಯ ಮೇಲಿನ ಮರಳನ್ನು ಕೈಯಿಂದ ಒರೆಸಿ, ರಘುನಂದನ್‌ರನ್ನು ಅಲ್ಲಿ ಕೂರಿಸಿ, ತಾವು ಮೇಜಿನ ಕೊನೆಗೆ ಬಂದು ಕೂತರು.

ಅನಾನಸ್ ಹಣ್ಣನ್ನೇ ಕೊರೆದು ಅದರೊಳಗೆ ಅನ್ನ ತುಂಬಿ ತಂದರು. ಇಂದುಶೇಖರ ಎರಡು ಚಮಚ ತಿಂದು, ಹೆಂಡತಿಯ ಕೈರುಚಿ ನೆನೆದು, "ನಮ್ಮ ಲೀಲಮ್ಮನ ಅನಾನಸ್ ಗೊಜ್ಜು ನೀವು ತಿನ್ಬೇಕು," ಎಂದರು. ಊಟ ಮುಗಿಯುತ್ತಿದ್ದಂತೆ ಸಂದೀಪ್, ಇಂದುಶೇಖರ ಸರ್ ಈಗ ಎರಡು ಮಾತು ಹೇಳಲಿ ಎಂದ. ಅವರು ಎದ್ದು ಕೋಟಿನ ಒಳಜೇಬಿನಿಂದ ಮಡಚಿದ ಹಾಳೆ ತೆಗೆದು, ಬಿಚ್ಚಿ ನೋಡಿ, ಹಾಗೆಯೇ ಮಡಚಿ ಒಳಗಿಟ್ಟುಕೊಂಡರು. ಆಮೇಲೆ ಮಾತಾಡಿದರು.

ರಘುನಂದನ್ ಒಂದು ದಿನವೂ ತಡವಾಗಿ ಬಂದವರಲ್ಲವಂತೆ. ಡಬ್ಬಿಯ ಊಟವನ್ನು ಹಂಚದೆ ಉಂಡವರಲ್ಲವಂತೆ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಂತವರಂತೆ. ಬೇರೆಯವರ ಹಾರ ಬಾಡದಿರಲಿ ಎಂದು ಮಧ್ಯಾಹ್ನದವರೆಗೂ ನೀರು ಚಿಮುಕಿಸಿದವರಂತೆ. ರಘುನಂದನ್ ಬೆರಗಾಗಿ ಕೇಳುತ್ತ, ಎಲ್ಲ ನಿಜವೆಂಬಂತೆ ತಲೆಯಾಡಿಸಿದರು. ಹೊಸಬರು ಚಪ್ಪಾಳೆ ತಟ್ಟಿದರು. ಅದು ಯಾರ ಕಥೆಯೆಂದು ಗೊತ್ತಿದ್ದ ನಾವು ನಾಲ್ಕೈದು ಜನ ತಲೆ ಎತ್ತಲಿಲ್ಲ.

ಪಾರ್ಟಿ ಮುಗಿದು, ರಿವಾಜಿನಂತೆ ಎಲ್ಲರೂ ನಾಲ್ಕು ಕಾರುಗಳಲ್ಲಿ ರಘುನಂದನ್‌ರನ್ನು ಮನೆಗೆ ಬಿಡಲು ನೊಯ್ಡಾ ಕಡೆಗೆ ಹೊರಟರು. ಇಂದುಶೇಖರ ಮೆಟ್ರೋದಲ್ಲಿ ಹೋಗುತ್ತೇನೆಂದು ಹಟ ಹಿಡಿದರು. ನಾನು ಬಿಡದೆ ನನ್ನ ಕಾರಿಗೆ ಹತ್ತಿಸಿಕೊಂಡೆ. ದಾರಿಯಲ್ಲಿ ಕ್ಷಮೆ ಕೇಳಿದೆ.

"ನಿಮ್ದೇನೂ ತಪ್ಪಿಲ್ಲ ಬಿಡಿ. ನಾನೂ ಯಾರ್ದು ಅಂತ ಕೇಳ್ಲಿಲ್ಲ. ಕೇಳೋಕೆ ಭಯ ಆಯ್ತು."

ಅವರ ಬೀದಿ ಬಂದಾಗ, "ಗೇಟಿನ ಹತ್ರ ಬಿಟ್ಬಿಡಿ ಸಾಕು, ಮೇಲೆ ಬರೋದು ಬೇಡ," ಎಂದು ಎರಡು ಸಲ ಹೇಳಿದರು. ನನಗೆ ಅದು ಅರ್ಥವಾಗದೆ, ಮರ್ಯಾದೆಗೆ ಮೂರನೇ ಮಹಡಿವರೆಗೂ ಹಿಂದೆಯೇ ಹತ್ತಿದೆ. ಬಾಗಿಲಿಗೆ ಇನ್ನು ನಾಲ್ಕು ಮೆಟ್ಟಿಲಿರುವಾಗ ಅವರು ನಿಂತರು. ಜೇಬಿನಿಂದ ಆ ಬಟ್ಟೆ ಹೂವಿನ ಹಾರ ತೆಗೆದು, ಮಡಿಕೆ ಬಿಡಿಸಿ, ಕೊರಳಿಗೆ ಹಾಕಿಕೊಂಡರು. ನನ್ನತ್ತ ತಿರುಗಲಿಲ್ಲ. ಬೆಲ್ ಒತ್ತಿದರು.

ಲೀಲಮ್ಮ ರೇಷ್ಮೆ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ಬಾಗಿಲು ತೆರೆದರು. ಅವರ ಬೆನ್ನ ಹಿಂದಿನ ಚಿಕ್ಕ ಕೋಣೆಯಲ್ಲಿ ಅಕ್ಕಪಕ್ಕದ ಮನೆಗಳಿಂದ ತಂದ ಕುರ್ಚಿಗಳು ಗೋಡೆಗುಂಟ ಸಾಲಾಗಿದ್ದವು. ಮಂಚದ ಮೇಲೆ ತಟ್ಟೆಗಳು, ಒಂದೊಂದರಲ್ಲೂ ಎರಡು ನಿಪ್ಪಟ್ಟು, ಒಂದು ಮೈಸೂರು ಪಾಕು, ಮೇಲೆ ಮುಚ್ಚಿದ ಹಳೆಯ ಪೇಪರು. ತಟ್ಟೆಗಳು ನಾನು ಫೋನಿನಲ್ಲಿ ಹೇಳಿದ್ದಂತೆ ಸರಿಯಾಗಿ ಹದಿನೈದಿದ್ದವು.

ಅವರು ಗಂಡನಿಗೆ ಆರತಿ ಎತ್ತಿ, ಹಣೆಗೆ ಕುಂಕುಮ ಇಟ್ಟರು. ಆಮೇಲೆ ನನ್ನ ಹೆಗಲ ಮೇಲಿಂದ ಮೆಟ್ಟಿಲ ಕಡೆ ಇಣುಕಿದರು.

"ಉಳಿದವ್ರು ಗಾಡಿ ನಿಲ್ಲಿಸ್ತಿದಾರಾ?"

ಇಂದುಶೇಖರ ನನ್ನ ಮುಖ ನೋಡಿದರು.

"ಹೌದಮ್ಮ, ಬರ್ತಿದಾರೆ," ಎಂದೆ ನಾನು.

ಲೀಲಮ್ಮ ಒಳಗೆ ಹೋಗಿ ಹದಿನೈದು ಜನಕ್ಕೆ ಚಹಾಕ್ಕೆ ನೀರಿಟ್ಟರು.