ಶನಿವಾರ ರಾತ್ರಿ ಒಂದೂವರೆಯ ವಿಮಾನ

ಹೊಸಪೇಟೆಯಲ್ಲಿ ಪರದೇಶದ ವಿಮಾನ ಟಿಕೆಟ್ ಮಾಡಿಸಿಕೊಟ್ಟ ಮೊದಲನೆಯ ಗಂಡಸು ನಾನೇ ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಯಾರೂ ಸುಳ್ಳೆನ್ನಲಿಲ್ಲ, ಯಾಕೆಂದರೆ ಯಾರಿಗೂ ಅದರ ಗೊಡವೆ ಇರಲಿಲ್ಲ. ಆ ಮೊದಲನೆಯ ಟಿಕೆಟ್ಟಿನ ಗತಿ ಏನಾಯಿತು ಎಂಬುದನ್ನು ಮಾತ್ರ ನುಂಗಿಕೊಳ್ಳುತ್ತಿದ್ದೆ. ಈಗ ಹೇಳಿಬಿಡುತ್ತೇನೆ. ವಯಸ್ಸಾದ ಮೇಲೆ ಮಾನ ಮರ್ಯಾದೆಯೂ ಹಲ್ಲಿನ ಹಾಗೆ ಸಡಿಲವಾಗುತ್ತದೆ.

ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ಬಸ್ ನಿಲ್ದಾಣದ ಹತ್ತಿರದ ಒಂದು ಟ್ರಾವೆಲ್ಸಿನಲ್ಲಿ ನನಗೆ ಹೊಸ ಕೆಲಸ. ಟ್ರಾವೆಲ್ಸ್ ಅಂದರೆ ಒಂದು ಮೇಜು, ಒಂದು ಫೋನು, ಎರಡು ಅಂಬಾಸಿಡರ್ ಕಾರು. ಹಂಪಿ ನೋಡಲು ಬಂದ ಫಾರಿನ್ನಿನವರನ್ನು ಕಾರಿನಲ್ಲಿ ಕೂರಿಸಿ ಕಳಿಸುವುದು, ಬೆಂಗಳೂರಿನ ರಾತ್ರಿ ಬಸ್ಸಿಗೆ ಸೀಟು ಬರೆಯುವುದು, ಮುಗಿಯಿತು. ಮಾಲಕರು ಗತ್ತಿಗೆಂದು ಬೋರ್ಡಿನ ಮೇಲೆ ಒಂದು ವಿಮಾನ ಬರೆಸಿದ್ದರು. ಪೇಂಟರ್ ವಿಮಾನ ಕಂಡವನಲ್ಲ. ಅದು ರೆಕ್ಕೆ ಬಂದ ಮೀನಿನಂತಿತ್ತು. ನಾನೂ ಕಂಡವನಲ್ಲವಾದ್ದರಿಂದ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಆ ಅಂಗಡಿಗೆ ಒಂದು ದಿನ ಕಂಪ್ಲಿಯಿಂದ ನನ್ನ ಸೋದರತ್ತೆ ಬಂದಳು. ಕಾಲುವೆ ಬಂದ ಮೇಲೆ ಆಕೆಯ ಹೊಲವೆಲ್ಲ ಗದ್ದೆಯಾಗಿ ವರ್ಷಕ್ಕೆ ಎರಡು ಬೆಳೆ ಭತ್ತ. ಮಾವ ತೀರಿಕೊಂಡಿದ್ದ. ಗದ್ದೆ, ಆಳು, ಗಿರಣಿಯವನ ಜೊತೆ ಜಗಳ, ಎಲ್ಲವೂ ಆಕೆಯದೇ. ಒಬ್ಬಳೇ ಮಗಳು. ವರಸೆಯಲ್ಲಿ ನನಗೆ ಹೆಂಡತಿಯಾಗಬೇಕಾದವಳು, ಹಿರಿಯರು ಒಂದೆರಡು ಸಲ ಮಾತೂ ಎತ್ತಿದ್ದರು. ಆದರೆ ಆ ಹುಡುಗಿ ಸಂಡೂರಿನ ಗಣಿಯಲ್ಲಿದ್ದ ಎಂಜಿನಿಯರನನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಸರಿಯಾದ ತೀರ್ಮಾನವನ್ನೇ ಮಾಡಿದಳು. ಆ ಎಂಜಿನಿಯರನಿಗೆ ಆಫ್ರಿಕಾದ ಜಾಂಬಿಯಾದಲ್ಲಿ, ತಾಮ್ರದ ಗಣಿಯಲ್ಲಿ ಕೆಲಸ ಸಿಕ್ಕಿ ಇಬ್ಬರೂ ಹೋದರು. ಮರುವರ್ಷವೇ ಆಕೆ ಬಸುರಿ.

"ಲೇ ತಮ್ಮಾ," ಅಂದಳು ಅತ್ತೆ, ಬೆಂಚಿನ ಮೇಲೆ ಕುಂತು ಬೆವರು ಒರೆಸಿಕೊಳ್ಳುತ್ತ. "ಚೊಚ್ಚಲ ಹೆರಿಗಿ. ತವರುಮನಿಗಿ ಕರ್ಕೊಂಬರಾಕ ಡಾಕ್ಟರು ಬ್ಯಾಡ ಅಂದಾರಂತ. ಅದಕ್ಕ ತವರುಮನೀನ ಅಲ್ಲಿಗಿ ಹೊಂಟೈತಿ. ನನಗೊಂದು ಟಿಕೀಟು ಮಾಡಿಸು. ಆಕಿಗಿ ನೋವು ಬರೋದ್ರಾಗ ನಾ ಅಲ್ಲಿ ಇರಬೇಕು. ಮತ್ತೇನೂ ಬ್ಯಾಡ ನನಗ."

ನಾನು ಮಾಲಕರ ಮುಖ ನೋಡಿದೆ. "ಮಾಡ್ಸಲೇ," ಅಂದರು ಅವರು. "ಬೋರ್ಡಿನ ಮ್ಯಾಲ ವಿಮಾನ ಸುಮ್ನ ಬರ್ಸೀನೇನು?"

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಅವತ್ತಿನಿಂದ ನಾನು ನೆಲದ ಮೇಲೆ ನಡೆಯಲಿಲ್ಲ. ಬೆಂಗಳೂರಿನವರೆಗೆ ಬಸ್ಸು, ಅಲ್ಲಿಂದ ಮುಂಬಯಿಗೆ ವಿಮಾನ, ಮುಂಬಯಿಯಿಂದ ನೈರೋಬಿ, ನೈರೋಬಿಯಿಂದ ಲುಸಾಕಾ, ಲುಸಾಕಾದಿಂದ ಗಣಿಯ ಊರಿಗೆ ಆ ದೇಶದ್ದೇ ಒಂದು ಸಣ್ಣ ವಿಮಾನ. ಇದನ್ನೆಲ್ಲ ಜೋಡಿಸಲು ಎರಡು ತಿಂಗಳು ಬೇಕಾಯಿತು. ಟ್ರಂಕ್ ಕಾಲ್ ಬುಕ್ ಮಾಡಿ ಎರಡು ತಾಸು ಕಾಯಬೇಕು. ಸಿಕ್ಕಾಗ ಬೀದಿಗೆಲ್ಲ ಕೇಳುವಂತೆ ಒದರಬೇಕು. ಪಕ್ಕದ ಮಿರ್ಚಿ ಬಂಡಿಯವನಿಗೂ ಅತ್ತೆಯ ದಾರಿ ಬಾಯಿಪಾಠವಾಗಿಹೋಯಿತು. "ಲುಸಾಕಾದ್ದು ಓಕೆ ಆತೇನ್ರಿ?" ಎಂದು ಅವನು ದಿನಾ ಕೇಳುವವನು. ನಾನೂ ಗಂಭೀರವಾಗಿ, "ಇನ್ನೂ ವೇಟಿಂಗ್ ಐತಿ," ಅನ್ನುವವನು.

ಮುಂಬಯಿಯಿಂದ ನೈರೋಬಿಗೆ ಆಗ ನಮಗೆ ಸಿಗುತ್ತಿದ್ದದ್ದು ವಾರಕ್ಕೆ ಎರಡೇ ವಿಮಾನ. ಬುಧವಾರ ಒಂದು, ಶನಿವಾರ ಒಂದು, ಎರಡೂ ರಾತ್ರಿ ಒಂದೂವರೆಗೆ. ಡಾಕ್ಟರು ಕೊಟ್ಟ ದಿನಕ್ಕೆ ಒಂದು ವಾರ ಮುಂಚಿನ ಶನಿವಾರ ನನಗೆ ಸರಿ ಕಂಡಿತು. ಅದನ್ನು ಹೇಳಲು ಕಂಪ್ಲಿಗೆ ಹೋದರೆ ಅತ್ತೆ ಗೋಡೆಯ ಮೊಳೆಯಿಂದ ಪಂಚಾಂಗ ಇಳಿಸಿದಳು.

ವಾರಶೂಲೆ ಎಂದು ಒಂದಿದೆ. ಇಂಥ ವಾರ ಇಂಥ ದಿಕ್ಕಿಗೆ ಹೊರಡಬಾರದು ಎಂಬ ಲೆಕ್ಕ. ಶುಕ್ರವಾರ ಪಡುವಣ ದಿಕ್ಕಿಗೆ ಹೋಗಬಾರದು. ಆಫ್ರಿಕಾ ಇರುವುದೇ ಪಡುವಣಕ್ಕೆ.

"ಶನಿವಾರ ಅಲ್ಲೇನತ್ತಿ ವಿಮಾನ?" ಅಂದೆ.

"ರಾತ್ರಿ ಒಂದೂವರಿ ಅಂದಿ. ಸೂರ್ಯಪ್ಪ ಹುಟ್ಟೋತನಕ ಹಿಂದಿನ ವಾರನಾ ನಡಿತಿರ್ತೈತಲೇ. ಅದು ಶುಕ್ರವಾರ ರಾತ್ರಿನಾ. ಶೂಲಿ ಐತಿ. ಅದರ ಮುಂದಿಂದು ಮಾಡಿಸು, ಮಂಗಳವಾರ ರಾತ್ರೀದು."

"ವಿಮಾನ ನಡ್ಸೋರು ನಿನ್ನ ಪಂಚಾಂಗ ನೋಡ್ತಾರೇನು? ಅವರಿಗೆ ರಾತ್ರಿ ಹನ್ನೆರಡು ಹೊಡೀತು ಅಂದ್ರ ಶನಿವಾರ. ಟಿಕೀಟಿನ್ಯಾಗ ಶನಿವಾರ ಅಂತ ಬರದಿರ್ತಾರ, ಶನಿವಾರನಾ ಹತ್ತೋದು."

ಅರ್ಧ ತಾಸು ವಾದ ನಡೆಯಿತು. ನಾನು ಭೂಗೋಳ, ವಿಜ್ಞಾನ, ಗಡಿಯಾರ ಎಲ್ಲವನ್ನೂ ತಂದು ಆಕೆಯ ಅಡುಗೆಮನೆಯಲ್ಲಿ ಗುಡ್ಡೆ ಹಾಕಿದೆ. ಕೊನೆಗೆ ಅತ್ತೆ ಪಂಚಾಂಗವನ್ನು ಮೊಳೆಗೆ ಸಿಕ್ಕಿಸಿ, "ಆತು ಬಿಡು. ಆಕಿಗಿ ನೋವು ಬರೋದು ವಾರ ಕೇಳಿ ಬರ್ತೈತೇನು? ಶೂಲಿ ಇದ್ರ ಇರ್ಲಿ, ಹೊಕ್ಕೀನಿ," ಅಂದಳು. ಆಕೆ ಹುಟ್ಟಿದಾಗಿನಿಂದ ಶೂಲೆ ಮೀರಿದ್ದು ಅದೇ ಮೊದಲು. ನಾನು ಗೆದ್ದೆನೆಂದು ಮೀಸೆ ತಿರುವುತ್ತ ಬಂದೆ.

ಪರದೇಶದ ಟಿಕೆಟ್ಟುಗಳು ಮುಂಬಯಿಯ ಏಜೆಂಟನಿಂದ ಅಂಚೆಯಲ್ಲಿ ಬಂದವು. ಚೆಕ್ ಬುಕ್ಕಿನಂಥ ಪುಸ್ತಕ, ಮುಟ್ಟಿದರೆ ಬೆರಳಿಗೆ ಕೆಂಪು ಕಾರ್ಬನ್. ಬೆಂಗಳೂರಿನಿಂದ ಮುಂಬಯಿಗೆ ಹೋಗುವುದನ್ನು ಮಾತ್ರ ನಾನೇ ಬೇರೆಯಾಗಿ ಬೆಂಗಳೂರಿನಲ್ಲಿ ಮಾಡಿಸಿದೆ. ಶನಿವಾರ ರಾತ್ರಿ ಒಂದೂವರೆಗೆ ನೈರೋಬಿ ವಿಮಾನ ಅಲ್ಲವೇ? ಹಾಗಾದರೆ ಶನಿವಾರ ಮಧ್ಯಾಹ್ನ ಬೆಂಗಳೂರು ಬಿಟ್ಟು ಸಂಜೆ ಮುಂಬಯಿ ಸೇರಿದರೆ ಆರಾಮಾಗಿ ಸಮಯ ಸಿಗುತ್ತದೆ, ಲಾಡ್ಜಿನ ಗೋಜೂ ಇಲ್ಲ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಎರಡೂ ಟಿಕೆಟ್ಟುಗಳನ್ನು ಒಟ್ಟಿಗೆ ನೋಡಿದವನು ಇಡೀ ಪ್ರಪಂಚದಲ್ಲಿ ನಾನೊಬ್ಬನೇ. ಓದುಗರಿಗೆ ಇಷ್ಟು ಹೊತ್ತಿಗೆ ತಿಳಿದಿರಬೇಕು. ನನಗೆ ತಿಳಿಯಲಿಲ್ಲ.

ಶುಕ್ರವಾರ ಸಂಜೆ ಬೆಂಗಳೂರಿನ ಬಸ್ಸು ಹತ್ತುವಾಗ ಅತ್ತೆ ಮೆಟ್ಟಿಲ ಮೇಲೆ ನಿಂತು ತಿರುಗಿದಳು. ಮುಂಬಯಿತನಕ ಬಿಟ್ಟುಬರಲು ನಾನೂ ಹೊರಟಿದ್ದೆ. ಖರ್ಚು ಅತ್ತೆಯದು, ವಿಮಾನ ಹತ್ತುವ ಚಪಲ ನನ್ನದು.

"ಲೇ, ಅದು ಇವತ್ತ ರಾತ್ರಿನಾ ಅಲ್ಲೇನು?" ಅಂದಳು.

"ಶನಿವಾರ ಶನಿವಾರ ಅಂತ ಎರಡು ತಿಂಗಳಾತು ಬಡ್ಕೊಳ್ಳಾಕ್ಹತ್ತಿ. ಮತ್ತ ನಿನ್ನ ಪಂಚಾಂಗ ತಗೀಬ್ಯಾಡ. ಹತ್ತು ಜಲ್ದಿ," ಅಂದೆ. ಹಿಂದೆ ನಿಂತಿದ್ದವರು ನಕ್ಕರು. ಅತ್ತೆ ಹತ್ತಿದಳು.

ಶನಿವಾರ ಸಂಜೆ ಮುಂಬಯಿಯ ಕೌಂಟರಿನ ಹೆಂಗಸು ಟಿಕೆಟ್ ನೋಡಿ, ನಮ್ಮನ್ನು ನೋಡಿ, ಈ ವಿಮಾನ ಹೋಗಿಯಾಗಿದೆ ಎಂದು ಹಿಂದಿಯಲ್ಲಿ ಹೇಳಿದಳು. ನಾನು ಜಗಳಕ್ಕೆ ನಿಂತೆ. ಇವತ್ತು ಶನಿವಾರ ಹೌದೋ ಅಲ್ಲವೋ? ಹೌದು. ರಾತ್ರಿ ಒಂದೂವರೆ ಇನ್ನೂ ಆಗಿದೆಯೋ? ಇಲ್ಲ. ಮತ್ತೆ ಹೇಗೆ ಹೋಯಿತು? ಆಕೆ ತಾಳ್ಮೆಯಿಂದ, ಮುಂದೆ ಬರುವ ಒಂದೂವರೆ ಭಾನುವಾರದ್ದು ಅಂದಳು. ಶನಿವಾರದ ಒಂದೂವರೆ ನಿನ್ನೆ ರಾತ್ರಿಯೇ ಆಗಿಹೋಗಿತ್ತು. ಆ ಹೊತ್ತಿಗೆ ನಾನು ಅತ್ತೆಯ ಪಕ್ಕದಲ್ಲಿ, ಚಿತ್ರದುರ್ಗದ ಆಚೆ ಎಲ್ಲೋ ಬಸ್ಸಿನಲ್ಲಿ ಗೊರಕೆ ಹೊಡೆಯುತ್ತಿದ್ದೆ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರಲ್ಲ, ಅದು ನಾನೇ. ಬಾಯಲ್ಲಿ ರಾತ್ರಿ ಹನ್ನೆರಡಕ್ಕೆ ವಾರ ಬದಲಾಗುತ್ತದೆ ಎಂದು ಆಕೆಗೆ ಪಾಠ ಹೇಳಿದವನು, ಟಿಕೆಟ್ ಮಾಡಿಸುವಾಗ ಆಕೆಯ ಪಂಚಾಂಗದ ಪ್ರಕಾರವೇ ಬೆಳಗಿನಿಂದ ಬೆಳಗಿಗೆ ಒಂದು ದಿನ ಎಂದು ಎಣಿಸಿದ್ದೆ. ಪಂಚಾಂಗ ನಂಬುವ ಅತ್ತೆ ಮಾತ್ರ ಸರಿಯಾಗಿ, ಅದು ಶುಕ್ರವಾರ ರಾತ್ರಿಯದು ಎಂದು ಎರಡು ಸಲ ಹೇಳಿದ್ದಳು. ಅತ್ತೆ ಬೈಯುತ್ತಾಳೆ ಎಂದು ಕಾದೆ. ಆಕೆ ತನ್ನ ಗಂಟಿನ ಮೇಲೆ ಕುಂತಳು. ಬಾಣಂತಿಗೆಂದು ಕಟ್ಟಿಕೊಂಡಿದ್ದ ಅಂಟಿನುಂಡೆ ಅದರಲ್ಲಿದ್ದವು.

"ಮುಂದಿಂದು ಯಾವಾಗಂತ ಕೇಳು," ಅಂದಳು. ಬುಧವಾರದ್ದು ಸಿಕ್ಕಿತು. ಅಂದರೆ ಮಂಗಳವಾರ ರಾತ್ರಿಯದು; ಈ ಸಲ ನಾನು ಮೂರು ಸಲ ಕೇಳಿದೆ.

ಅಳಿಯನಿಗೆ ತಂತಿ ಕೊಡಬೇಕಾಗಿತ್ತು. ತಂತಿ ಆಫೀಸಿನಲ್ಲಿ ಫಾರಂ ಹಿಡಿದು ನಿಂತರೆ ಕಾರಣ ಏನು ಬರೆಯಬೇಕೋ ತಿಳಿಯದು. ಪೆನ್ನು ಮುಂದೆ ಹೋಗಲೊಲ್ಲದು.

"ಶುಕ್ರವಾರ ಶೂಲಿ ಇತ್ತು, ಅದಕ್ಕ ನಾನಾ ಹತ್ತಲಿಲ್ಲ ಅಂತ ಬರಿ," ಅಂದಳು ಅತ್ತೆ.

"ಅತ್ತಿ, ಅದು ಸುಳ್ಳಲ್ಲೇನು?"

"ಹೆಣ್ಣು ಕೊಡಲಿಲ್ಲ ಅಂತ ಬೇಕಂತನಾ ಮಾಡ್ಯಾನ ಅಂತಾರಲೇ ನಿನ್ನ. ನೌಕರೀನೂ ಹೊಕ್ಕೈತಿ. ನಾ ಮುದುಕಿ, ಪಂಚಾಂಗದಾಕಿ ಅಂದ್ರ ಎಲ್ಲಾರೂ ನಂಬ್ತಾರ. ಬರಿ."

ನಾನು ಬರೆದೆ. ಬೇಡ ಅತ್ತೆ, ನನ್ನದೇ ತಪ್ಪೆಂದು ಬರೆಯುತ್ತೇನೆ ಅನ್ನಬೇಕಿತ್ತು. ಅನ್ನಲಿಲ್ಲ. ಬರೆದು ಕೊಟ್ಟಾಗ ನನಗೆ ಎಷ್ಟು ಹಗುರವಾಯಿತೆಂದರೆ ಹೊರಗೆ ಬಂದು ಚಹಾ ಕುಡಿದೆ. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಮಗಳಿಗೆ ಭಾನುವಾರವೇ ನೋವು ಶುರುವಾಯಿತಂತೆ. ಡಾಕ್ಟರು ಕೊಟ್ಟ ದಿನಕ್ಕಿಂತ ಮುಂಚೆ. ಒಂದು ಹಗಲು ಒಂದು ರಾತ್ರಿ ಅವ್ವಾ ಅವ್ವಾ ಎಂದು ಕೂಗಿ, ಸೋಮವಾರ ಹೆಣ್ಣುಮಗು ಹೆತ್ತಳಂತೆ. ಅತ್ತೆ ತಲುಪಿದ್ದು ಬುಧವಾರ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು, ದೇವರು ದೊಡ್ಡವನು. ಆದರೆ ಆಸ್ಪತ್ರೆಯ ಕೋಣೆಗೆ ಹೋದ ತಾಯಿಗೆ ಮಗಳು ಆಡಿದ ಮೊದಲ ಮಾತು, "ಇವತ್ತ ಯಾವ ಶೂಲಿನೂ ಇದ್ದಿದ್ದಿಲ್ಲೇನು ನಿನಗ?"

ಈ ಕಥೆ ಕಂಪ್ಲಿಗೆ ಬಂತು, ಹೊಸಪೇಟೆಗೆ ಬಂತು. ಬೀಗರ ಮನೆಗಳಲ್ಲೆಲ್ಲ ಅತ್ತೆ ನಗೆಪಾಟಲಾದಳು. ನಾನು ಸುಮ್ಮನಾದರೂ ಇರಬಹುದಿತ್ತು. ಇರಲಿಲ್ಲ. ಅಂಗಡಿಗೆ ಬಂದ ಗಿರಾಕಿಗಳಿಗೆ ನಾನೇ ಹೇಳಿ ನಗಿಸಿದೆ. ಟಿಕೆಟ್ ಕೈಯಲ್ಲಿಟ್ಟುಕೊಂಡು ವಾರ ಸರಿಯಿಲ್ಲವೆಂದು ವಿಮಾನ ಬಿಟ್ಟ ಮುದುಕಿಯ ಕಥೆ ಹಂಪಿಯ ಫಾರಿನ್ನಿನವರಿಗೂ ಭಾಳ ಹಿಡಿಸುತ್ತಿತ್ತು. ಹೇಳಿ ಹೇಳಿ ನನಗೇ ಅದು ನಿಜವೆನಿಸತೊಡಗಿತ್ತು. ವಿಮಾನದ ಕೆಲಸವೆಂದರೆ ಇವನೇ ಎಂದು ನನ್ನ ಹೆಸರಾಯಿತು. ಸಂಡೂರಿನ ಅದಿರಿನವರು, ಕಂಪ್ಲಿಯ ಕಬ್ಬಿನವರು, ಎಲ್ಲರೂ ನನ್ನ ಹತ್ತಿರವೇ ಬಂದರು.

ನಾಲ್ಕು ವರ್ಷದ ಮೇಲೆ ಮಗಳು ಮತ್ತೆ ಬಸುರಿಯಾದಳು. ಅತ್ತೆ ಅಂಟಿನುಂಡೆ ಕಟ್ಟಿ, ಚೀಲ ತುಂಬಿ, ಅಂಗಡಿಗೆ ಬಂದು ಕುಂತಳು. "ಟಿಕೀಟು ಮಾಡ್ಸು ಅಂತ ಏನರ ಕಾಗದ ಬಂತೇನಲೇ?" ಬಂದಿರಲಿಲ್ಲ. ಮರುವಾರ ಬಂದಳು, ಅದರ ಮರುವಾರವೂ ಬಂದಳು. ಮಗಳು ಗಂಡನ ಮನೆಯವರನ್ನು ಕರೆಸಿಕೊಂಡಿದ್ದಳು. ಟಿಕೆಟ್ ಬೇರೆ ಕಡೆ ಮಾಡಿಸಿದ್ದರು. ಆ ಉಂಡೆಗಳನ್ನು ಅತ್ತೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ನಮ್ಮ ಮನೆಗೆ ತಂದು ಕೊಟ್ಟಳು. ನಾವು ತಿಂದೆವು.

ತೊಂಬತ್ತರ ದಶಕದಲ್ಲಿ ಒಮ್ಮೆ ಮಗಳು ಮಕ್ಕಳನ್ನು ಕರೆದುಕೊಂಡು ಹದಿನೈದು ದಿನಕ್ಕೆಂದು ಕಂಪ್ಲಿಗೆ ಬಂದಳು. ಅತ್ತೆ ನನ್ನನ್ನೂ ಊಟಕ್ಕೆ ಕರೆದಿದ್ದಳು. ಎಲ್ಲರೂ ಕುಂತು ಉಣ್ಣುವಾಗ, ಹಿರಿಯ ಹುಡುಗಿ ತಾನು ಹುಟ್ಟಿದ ಕಥೆ ಹೇಳೆಂದು ತಾಯಿಗೆ ಗಂಟುಬಿದ್ದಳು. ತಾಯಿ ಹೇಳಿದಳು, ನಗುತ್ತಲೇ. ಆದರೆ ಕೊನೆಗೆ, "ನಿಮ್ಮಜ್ಜಿಗೆ ನನಗಿಂತ ಪಂಚಾಂಗ ದೊಡ್ಡದು," ಅಂದಾಗ ನಗು ಇರಲಿಲ್ಲ. ಹುಡುಗಿ ಅಜ್ಜಿಯ ಕಡೆ ತಿರುಗಿ, "ಹೌದಾ ಅಜ್ಜಿ?" ಎಂದಳು. ಅತ್ತೆ, "ಹೌದವಾ, ಹಳೇ ಬುದ್ಧಿ," ಎನ್ನುತ್ತ ಮಗುವಿಗೆ ತುಪ್ಪ ಬಡಿಸಿದಳು.

"ಅಜ್ಜಿ ಅಲ್ಲ, ನಾನು," ಅಂದುಬಿಟ್ಟೆ. ಟಿಕೆಟ್ಟು, ಒಂದೂವರೆ, ತಂತಿ, ಎಲ್ಲಾ ಹೇಳಿದೆ. ಆಕೆ ಶೂಲೆ ಇದ್ದರೂ ಹೋಗುತ್ತೇನೆ ಅಂದದ್ದನ್ನೂ ಹೇಳಿದೆ.

ಮಗಳು ನನ್ನನ್ನು ನೋಡಲೇ ಇಲ್ಲ. ತಾಯಿಯನ್ನು ನೋಡುತ್ತ, "ಎರಡನೇದಕ್ಕ ನಿನ್ನ ಕರೀಲಿಲ್ಲಲ್ಲಬೇ ನಾನು," ಅಂದಳು. ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡು, ಮಕ್ಕಳೆದುರಿಗೇ ಗೋಳೋ ಎಂದು ಅತ್ತಳು. ನಾನು ಅತ್ತೆಯ ಕಡೆ ನೋಡಿದೆ. ಎಷ್ಟೋ ವರ್ಷದ ಭಾರ ಇಳಿಸಿದೆನಲ್ಲ, ಒಂದು ಒಳ್ಳೆಯ ಮಾತು ಬರುತ್ತದೆ ಎಂದುಕೊಂಡಿದ್ದೆನೋ ಏನೋ.

"ಹೇಳಿ ನೀ ಹಗರಾದಿ," ಅಂದಳು ಅತ್ತೆ. "ಆಕಿ ಏನ್ ಮಾಡಬೇಕೋ ಈಗ? ಹದಿನೈದು ದಿನಕ್ಕಂತ ಬಂದಾಕಿ."

ಆಮೇಲೆ ಎದ್ದು ಮಗಳ ಪಕ್ಕ ಹೋಗಿ ಕುಂತಳು. ಅವತ್ತು ನನಗೆ ಇನ್ನೊಂದು ರೊಟ್ಟಿ ಬೇಕೇನು ಎಂದು ಕೇಳಲಿಲ್ಲ.