ಒಂದು ಕಡೆ ಸವೆದ ಹಲಗೆ

ಕಡೂರಿನ ಬಸ್ ಸ್ಟ್ಯಾಂಡ್ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಯಾವುದು ತಂದರೂ ಯಂತ್ರದೊಳಗೆ ಇಟ್ಟು ಅದರಂತೆ ಇನ್ನೊಂದು ತೆಗೆದುಕೊಡುತ್ತೇನೆ. ತಂದವರನ್ನು ಮಾತ್ರ ಯಂತ್ರವಿಲ್ಲದೆಯೇ ತೆಗೆಯುತ್ತೇನೆ. ಅವರು ರಸ್ತೆ ದಾಟುವಷ್ಟರಲ್ಲಿ ಅವರ ನಡಿಗೆ, ಕೆಮ್ಮು, ಕನ್ನಡಕ ಹುಡುಕುತ್ತ ಮೂರು ಜೇಬು ತಟ್ಟಿಕೊಳ್ಳುವ ರೀತಿ ಎಲ್ಲವೂ ನನ್ನ ಮೈಮೇಲೆ ಬಂದಿರುತ್ತದೆ. ಪಕ್ಕದ ಟೀ ಅಂಗಡಿಯಲ್ಲಿ ನಗು ಏಳುತ್ತದೆ. ನನ್ನನ್ನೂ ನಾನು ಬಿಟ್ಟಿಲ್ಲ. ಹೆಣ್ಣು ನೋಡಲು ಹೋಗಿ ಎರಡು ತಟ್ಟೆ ಉಪ್ಪಿಟ್ಟು ಮುಗಿಸಿ ಬಂದ ನನ್ನ ಅವತಾರಕ್ಕೆ ಈಗಲೂ ಬೇಡಿಕೆಯಿದೆ.

ಈ ವಿದ್ಯೆಯನ್ನು ಒಂದು ಕೆಲಸಕ್ಕೆ ಹಚ್ಚಿದವನು ಲೋಕದಲ್ಲಿ ಒಬ್ಬನೇ, ನನ್ನ ಸೋದರಮಾವ. ಅದನ್ನು ನಂಬಿ ತನ್ನ ಕೈಯಾರೆ ಒಂದು ಒಳ್ಳೆಯ ಹಲಗೆಯನ್ನು ಕೆಡಿಸಿಕೊಂಡವನೂ ಅವನೇ.

ಅಜ್ಜಂಪುರದಿಂದ ಶಿವನಿ ಊರಿಗೆ ಹೋಗುವ ದಾರಿಯಲ್ಲಿ ಮಾವನ ಮರಗೆಲಸದ ಶೆಡ್ಡಿದೆ. ಬಾಗಿಲು, ಕಿಟಕಿ, ಮಂಚ ಮಾಡುತ್ತಾನೆ. ತರೀಕೆರೆ ಕಡೆಯ ನಾಲೆ ನೀರಿನ ಗದ್ದೆಯವರಿಗೆ ಕೆಸರು ಮಟ್ಟ ಮಾಡುವ ಹಲಗೆಯನ್ನೂ ಮಾಡಿಕೊಡುತ್ತಿದ್ದ. ಕೆಲಸದ ಹೊತ್ತಿನಲ್ಲಿ ಅವನ ತುಟಿಗಳ ನಡುವೆ ಯಾವಾಗಲೂ ನಾಲ್ಕು ಮೊಳೆ ಇರುತ್ತವೆ. ಮಾತೆಲ್ಲ ಆ ಮೊಳೆಗಳ ಸಂದಿಯಿಂದಲೇ ಬರಬೇಕು. ನಾನು ನಾಲ್ಕು ಬೆಂಕಿಕಡ್ಡಿ ಕಚ್ಚಿಕೊಂಡು ಅದೇ ದನಿಯಲ್ಲಿ ಟೀ ಕೇಳಿದರೆ ಅತ್ತೆ ಒಳಗಿಂದ "ತಂದೆ ಇರ್ರೀ" ಎನ್ನುತ್ತಿದ್ದಳು. ಲೋಟ ಹಿಡಿದು ಹೊರಬಂದು ನನ್ನನ್ನು ನೋಡಿ, "ಥೂ ನಿನ್ ಮನೆ ಕಾಯ್ವಾಗ" ಎಂದು ಲೋಟದ ಸಮೇತ ಒಳಗೆ ಹೋಗುತ್ತಿದ್ದಳು.

ನಾನು ಡಿಪ್ಲೊಮಾ ಅರ್ಧಕ್ಕೆ ಬಿಟ್ಟ ವರ್ಷ ಕರಾವಳಿಯ ಒಂದು ಹೋಟೆಲಿನಲ್ಲಿ ಎಂಟು ತಿಂಗಳು ಕೆಲಸಕ್ಕಿದ್ದೆ. ಅಲ್ಲಿ ದಂಡೆಯ ಮೇಲೆ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆಯಲ್ಲಿ ಜಾರುವುದನ್ನು, ಕಲಿಸುವವನೊಬ್ಬ ಇದ್ದ. ಮೀನುಗಾರರ ಮನೆಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ದಡಕ್ಕೆ ಬಂದು ನೊರೆಯಾಗಿ ಸಾಯುವ ಸಣ್ಣ ಅಲೆಗಳಲ್ಲಿ ನನಗೂ ನಿಲ್ಲಲು ಕಲಿಸಿದ. ಹಾಗೆ ನಿಂತ ನನ್ನದೊಂದು ಫೋಟೋ ತೆಗೆದುಕೊಟ್ಟ. ಊರಿಗೆ ಬಂದು ಆ ಫೋಟೋ ತೋರಿಸಿದಾಗ ಎಲ್ಲರೂ ನನ್ನ ಚಡ್ಡಿ ನೋಡಿ ನಕ್ಕರು. ಮಾವ ಮಾತ್ರ ಮೊಳೆಗಳನ್ನು ಬಾಯಿಂದ ತೆಗೆದು ಅಂಗೈಗೆ ಹಾಕಿಕೊಂಡ.

"ಇದು ನಮ್ ಗದ್ದೆ ಹಲಗೆ ಕಣೋ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿ, ಆರಡಿ ಹಲಗೆಯನ್ನು ಅಡ್ಡಲಾಗಿ ಎತ್ತುಗಳಿಗೆ ಹೂಡಿ, ಅದರ ಮೇಲೆ ಒಬ್ಬ ನಿಂತು ಕೆಸರು ಸಮ ಮಾಡುತ್ತಾನೆ. ಹಲಗೆ ಜಾರುತ್ತದೆ, ಏರುತ್ತದೆ, ಒಂದು ಮಗ್ಗುಲಿಗೆ ಕುಸಿಯುತ್ತದೆ, ನಿಂತವನು ಬೀಳಬಾರದು. ಮಾವ ತರೀಕೆರೆ ಕಡೆಯ ಅಜ್ಜನ ಮನೆಯಲ್ಲಿದ್ದಾಗ ಹತ್ತಾರು ವರ್ಷ ಹಾಗೆ ನಿಂತವನು. ಸಮುದ್ರವನ್ನು ಅವನು ನೋಡಿದ್ದು ಒಂದೇ ಸಲ, ಅದೂ ಬಸ್ಸಿನ ಕಿಟಕಿಯಿಂದ. ಈಜಂತೂ ಬಾರದು.

"ಮಂಡಿ ಬಿಗಿ ಹಿಡೀಬ್ಯಾಡ. ಎತ್ತಿನ್ ಬಾಲ ನೋಡ್ಬ್ಯಾಡ, ಎದುರಿಗಿರೋ ಬದು ನೋಡು," ಎಂದು ಶೆಡ್ಡಿನ ನೆಲದ ಮೇಲೇ ನಿಂತು ತೋರಿಸಿದ. ಸರ್ಫಿಂಗ್ ಕಲಿಸುವವನು ನನಗೆ ಎಂಟು ತಿಂಗಳು ಬಡಿದುಕೊಂಡಿದ್ದೂ ಅದನ್ನೇ.

ಆಮೇಲೆ ಮಾವನಿಗೆ ಅಂಥದೊಂದು ಅಲೆಯ ಹಲಗೆ ತಾನೇ ಮಾಡುವ ಹುಚ್ಚು ಹಿಡಿಯಿತು. ಮೊದಲನೆಯದು ಹೆಬ್ಬೇವಿನ ಮರದಲ್ಲಿ, ಒಳಗೆ ಟೊಳ್ಳು ಬಿಟ್ಟು ಮಾಡಿದ ಪೆಟ್ಟಿಗೆ. ಆಷಾಢದ ಗಾಳಿಗೆ ಅಯ್ಯನಕೆರೆಯಲ್ಲಿ ಗಿಡ್ಡ ಗಿಡ್ಡ ಅಲೆಗಳು ಒಂದರ ಬೆನ್ನಿಗೆ ಒಂದು ಏರಿಯ ಕಲ್ಲಿಗೆ ಬಡಿಯುತ್ತವೆ. ಅಲ್ಲಿ ಅದನ್ನು ಇಳಿಸಿದೆವು. ಹತ್ತು ನಿಮಿಷದಲ್ಲಿ ಒಳಗೆಲ್ಲ ನೀರು ತುಂಬಿ, ನಾನು ಹಲಗೆಯನ್ನು ಹೊತ್ತುಕೊಂಡು ಈಜಿ ಬರಬೇಕಾಯಿತು. ಎರಡನೆಯದು ಮುಂದುಗಡೆ ಮೊರದ ಹಾಗೆ ಅಗಲ, ಹಿಂದೆ ಚೂಪು. ಅದು ಅಲೆ ಬಂದಾಗಲೆಲ್ಲ ಗಿರ್ರನೆ ತಿರುಗಿ ನನ್ನನ್ನು ಬಂದ ದಾರಿಗೇ ಮುಖ ಮಾಡಿಸುತ್ತಿತ್ತು.

"ಇವ್ನು ಮುಳುಗಕ್ಕೆ ನಿಮ್ ಮರ ಯಾಕ್ರೀ ಬೇಕು? ಹಂಗೇ ತಳ್ಳಿದ್ರೂ ಮುಳುಗ್ತಾನೆ," ಎಂದಳು ಅತ್ತೆ.

ನಮ್ಮ ಕೆಲಸದ ರೀತಿ ಹೀಗಿತ್ತು. ನಾನು ನೀರಿಗೆ ಹೋಗುತ್ತಿದ್ದೆ. ಮಾವ ಏರಿಯ ಮೇಲೆ ಕೂತಿರುತ್ತಿದ್ದ. ಅಷ್ಟು ದೂರದಿಂದ ಅವನಿಗೆ ಕಾಣುತ್ತಿದ್ದುದು ನನ್ನ ತಲೆಯೊಂದೇ. ನಾನು ಮೇಲೆ ಬಂದು ಏನಾಯಿತೆಂದು ಬಾಯಲ್ಲಿ ಹೇಳಲು ಹೋದರೆ ಅವನು ಕೈಯೆತ್ತಿ ತಡೆಯುತ್ತಿದ್ದ.

"ಹೇಳ್ಬ್ಯಾಡ. ಆಡು."

ಆಗ ನಾನು ಏರಿಯ ಮಣ್ಣಿನ ಮೇಲೆ ಹಲಗೆಯಾಗುತ್ತಿದ್ದೆ. ನನ್ನ ಎಡಗೈ ಹಲಗೆಯ ಎಡ ಅಂಚು, ಬಲಗೈ ಬಲ ಅಂಚು, ಗದ್ದ ಅದರ ಮೂತಿ. ಯಾವ ಅಂಚು ಮೊದಲು ನೀರು ಕಚ್ಚಿತು, ಮೂತಿ ಎಷ್ಟು ಎದ್ದಿತು, ಬಾಲ ಯಾವಾಗ ಜಾರಿತು, ಎಲ್ಲವನ್ನೂ ಮೈಯಲ್ಲಿ ಆಡಿ ತೋರಿಸುತ್ತಿದ್ದೆ. ಮಾವ ಕಣ್ಣು ಕಿರಿದು ಮಾಡಿ ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮರದ ಮೇಲೆ ಗೀಟು ಹಾಕುತ್ತಿದ್ದ. ನನ್ನ ಆಟ ನೋಡಿ ನಗದೆ ಇದ್ದವನು ಅವನೊಬ್ಬನೇ. ಆ ದಿನಗಳಲ್ಲಿ ನನಗೆ ಇದರ ಬೆಲೆ ತಿಳಿಯಲಿಲ್ಲ. ಒಬ್ಬನಾದರೂ ನಗಬಾರದೇ ಎಂದು ಒಳಗೊಳಗೇ ಬೇಜಾರೂ ಇತ್ತು.

ಮೂರನೆಯದು ಆ ಹಲಗೆ. ತರೀಕೆರೆ ಕಡೆಯ ರೈತರೊಬ್ಬರು ಟಿಲ್ಲರ್ ತಂದ ಮೇಲೆ ತಮ್ಮ ಹಳೆಯ ಹಲಸಿನ ಹಲಗೆಯನ್ನು ಸೌದೆಗೆ ಹಾಕಲು ಮನಸ್ಸಾಗದೆ ಮಾವನ ಶೆಡ್ಡಿಗೆ ತಂದು ಒರಗಿಸಿ ಹೋಗಿದ್ದರು. ಎತ್ತುಗಳ ಕಡೆಗಿದ್ದ ಉದ್ದನೆಯ ಅಂಚು ಮೂವತ್ತು ವರ್ಷದ ಕೆಸರಿಗೆ ಸವೆದು ಹೋಳಿಗೆ ಅಂಚಿನಂತೆ ದುಂಡಗೆ ಮೇಲೆದ್ದಿತ್ತು. ಇನ್ನೊಂದು ಅಂಚು ಮಾಡಿದ ದಿನದಷ್ಟೇ ಚೂಪು. ಮಾವ ಮೇಲ್ಭಾಗವನ್ನು ಮಾತ್ರ ಕೆತ್ತಿ ತೆಳ್ಳಗೆ ಮಾಡಿದ. ತಳವನ್ನೂ ಅಂಚುಗಳನ್ನೂ ಮುಟ್ಟಲಿಲ್ಲ. ಅಗಸೆ ಎಣ್ಣೆ ಕುಡಿಸಿದ.

"ಎರಡ್ ಕಡೆ ಎರಡ್ ಥರ ಐತಲ್ಲ ಮಾವ. ಅರ್ಧ ಕ್ಷೌರ ಮಾಡಿಸ್ಕಂಡು ಎದ್ ಬಂದೋನ್ ಥರ."

"ಇರ್ಲಿ ಕಣೋ. ಸವೆದಿರೋದು ಸುಮ್ನೆ ಸವೆದಿರಕ್ಕಿಲ್ಲ."

ಅಯ್ಯನಕೆರೆಯ ಗಿಡ್ಡ ಅಲೆಗಳಲ್ಲಿ ಅದು ಅಲುಗಾಡದೆ ನೆಟ್ಟಗೆ ಸಾಗಿತು. ತರೀಕೆರೆ ಬಳಿ ನಾಲೆಯ ನೀರು ಒಂದು ಮೆಟ್ಟಿಲಿನಷ್ಟು ಕೆಳಗೆ ಬಿದ್ದು, ಅಲ್ಲೇ ಒಂದು ಅಲೆಯಾಗಿ ನಿಂತುಬಿಡುವ ಜಾಗವಿದೆ. ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಮರಕ್ಕೆ ಸುತ್ತಿ ಮಾವನೇ ಹಿಡಿದುಕೊಂಡು ನನ್ನನ್ನು ಅಲ್ಲಿ ಇಳಿಸಿದ. ದುಂಡನೆಯ ಅಂಚು ನೀರಿನ ಕಡೆಗಿದ್ದಾಗ ಹಲಗೆ ಹಾಸಿಗೆಯ ಹಾಗೆ ನಿಂತಿತು. ತಿರುಗಿಸಿ ನಿಂತರೆ ಎತ್ತಿ ಒಗೆಯಿತು. ನಾನು ಎರಡನ್ನೂ ದಂಡೆಯ ಮೇಲೆ ಇದ್ದದ್ದು ಇದ್ದಂತೆ ಆಡಿದೆ. ಮಾವ ಪೆನ್ಸಿಲ್ ಮುಟ್ಟಲೇ ಇಲ್ಲ.

"ಇನ್ನು ಸಮುದ್ರ ಒಂದು ಬಾಕಿ," ಎಂದ. "ಅಲ್ಲಿ ಹೆಂಗೆ ಹೋಯ್ತದೆ ಅಂತ ಗೊತ್ತಾದ್ರೆ ಸಾಕು ಕಣೋ. ಇನ್ನೇನೂ ಬ್ಯಾಡ ನಂಗೆ."

ದಸರಾ ಮುಗಿದ ವಾರ ಹೊರಡುವುದೆಂದಾಯಿತು. ಅದೇ ವಾರ ದೇವನೂರಿನ ಒಂದು ಮನೆಗೆ ಬಾಗಿಲು ನಿಲ್ಲಿಸುವ ಮುಹೂರ್ತ ಬಂತು. ಮಾವ ಬರಲಾಗಲಿಲ್ಲ. ಹಲಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ನಾನೊಬ್ಬನೇ ಬಸ್ಸಿನ ಮೇಲೆ ಹಾಕಿಸಿದೆ.

"ಏನಪ್ಪಾ ಇದು, ಹೆಣ ಹಾಕೋ ಹಲಗೆನಾ?" ಎಂದ ಕಂಡಕ್ಟರ್.

"ಹೂಂ ಕಣ್ರೀ. ಹೆಣ ಕೆಳಗಡೆ ಸೀಟಲ್ಲಿ ಕೂತ್ಕಂಡು ಬತ್ತೈತೆ," ಎಂದೆ ನನ್ನನ್ನೇ ತೋರಿಸಿ. ಬಸ್ಸೆಲ್ಲ ನಕ್ಕಿತು. ಘಟ್ಟ ಇಳಿಯುವ ತನಕ ನಾನೇ ರಾಜ.

ಸಮುದ್ರ ನೋಡಿದ ಕೂಡಲೇ ರಾಜ್ಯ ಹೋಯಿತು. ನಾನು ಬಿಟ್ಟು ಬಂದಿದ್ದ ಸಣ್ಣ ಅಲೆಗಳು ಅಲ್ಲಿರಲಿಲ್ಲ. ದೂರದಲ್ಲಿ ಒಂದೊಂದೂ ನಮ್ಮ ಶೆಡ್ಡಿನ ಎತ್ತರಕ್ಕೆ ಎದ್ದು, ಒಂದು ಕ್ಷಣ ನಿಂತು, ಒಂದೇ ಮಗ್ಗುಲಿಗೆ ಸೀಳಿಕೊಂಡು ಬೀಳುತ್ತಿದ್ದವು. ಮೂರು ದಿನ ಇದ್ದೆ. ಮೂರು ದಿನವೂ ಮೊಣಕಾಲಿನಷ್ಟು ನೀರಿನಲ್ಲಿ, ಹಲಗೆಯ ಮೇಲೆ ಹೊಟ್ಟೆ ಹಾಕಿ ಮಲಗಿ ನೊರೆಯಲ್ಲಿ ತೇಲಿದೆ. ಒಂದು ಸಲ ಎದ್ದು ನಿಲ್ಲಲು ಹೋಗಿ ಚೂಪು ಅಂಚಿನ ಕಡೆಗೆ ವಾಲಿ ಬಿದ್ದೆ. ನಾನು ಸಮುದ್ರದಲ್ಲಿ ಮಾಡಿದ್ದು ಇಷ್ಟೇ.

ಮೂರನೆಯ ದಿನ ಬೆಳಿಗ್ಗೆ ನನಗೆ ಕಲಿಸಿದ್ದವನು ಬಂದು ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು ಯಾರು ಮಾಡಿದ್ದು ಮಾರಾಯ್ರೇ? ಒಮ್ಮೆ ಕೊಡಿ," ಎಂದು ತೆಗೆದುಕೊಂಡು ಹೋದ. ದುಂಡನೆಯ ಅಂಚನ್ನು ಅಲೆಯ ಕಡೆಗೆ ಕೊಟ್ಟು ಆ ಎತ್ತರದಿಂದ ಇಳಿದ. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಹೋದ ಹಾಗೆ ಹೋದ. ಅವನ ಫೋನಿನಲ್ಲಿ ನಾನೇ ವಿಡಿಯೊ ಹಿಡಿದೆ. ಐದು ಸಲ ಹೋಗಿ ಬಂದು ಏದುಸಿರಿನಲ್ಲಿ ಹೇಳಿದ: "ಇದಕ್ಕೆ ಇನ್ನೆಂತದೂ ಮಾಡುದು ಬೇಡ. ನಿಮ್ಮ ಮಾವನಿಗೆ ಹೇಳಿ, ಹೀಗೇ ಇರ್ಲಿ. ಮುಟ್ಟಬಾರದು."

ಸಂಜೆ ಆ ವಿಡಿಯೊವನ್ನು ನನ್ನ ಫೋನಿಗೆ ಕಳಿಸಿದ.

ಊರಿಗೆ ಬಂದಾಗ ಶೆಡ್ಡಿನಲ್ಲಿ ನಾಲ್ಕೈದು ಜನ ಕಾದಿದ್ದರು. ಅತ್ತೆ ಎಲ್ಲರಿಗೂ ಟೀ ಕೊಟ್ಟಳು, ನನಗೂ. ಮಾವ ದೇವನೂರಿನ ಕೆಲಸ ಮುಗಿಸಿ ಬಂದವನು ಕೈಕಾಲು ಕೂಡ ತೊಳೆದಿರಲಿಲ್ಲ. ಬಾಯಲ್ಲಿ ಮೊಳೆ ಇರಲಿಲ್ಲ.

"ಆಡು," ಎಂದ.

'ನಾನು ಹೋಗಲಿಲ್ಲ ಮಾವ, ಹೆದರಿದೆ. ಬೇರೆಯವನು ಹೋದ, ಚೆನ್ನಾಗಿತ್ತಂತೆ.' ಇಷ್ಟೇ ಹೇಳಬೇಕಾಗಿದ್ದುದು. ಹೇಳುವುದಿರಲಿ, ಹೆದರಿದ ನನ್ನನ್ನೇ ಆಡಿ ತೋರಿಸಿದ್ದರೂ ಸಾಕಿತ್ತು. ಉಪ್ಪಿಟ್ಟು ತಿಂದ ನನ್ನನ್ನು ಆಡುವುದು ಸುಲಭ, ಹೆದರಿದವನನ್ನು ಆಡುವುದು ಸುಲಭವಲ್ಲ ಎಂದು ಆವತ್ತು ಗೊತ್ತಾಯಿತು. ನಾನು ಆ ದೊಡ್ಡ ಅಲೆಯನ್ನು ಆಡಿದೆ. ಕಣ್ಣಾರೆ ಕಂಡ ಅಲೆ, ಅದನ್ನು ಚೆನ್ನಾಗಿಯೇ ಆಡಿದೆ. ದುಂಡನೆಯ ಅಂಚನ್ನೇ ಅಲೆಯ ಕಡೆಗೆ ಕೊಟ್ಟು ಅದರ ಮೇಲೆ ನಾನು ನಿಂತದ್ದನ್ನು ಆಡಿದೆ. ಕೊನೆಗೆ ಬೀಳಲೇಬೇಕಲ್ಲ, ಬಿದ್ದರೇ ನಗು. ನನಗೆ ಗೊತ್ತಿದ್ದ ಬೀಳುವಿಕೆ ನೊರೆಯಲ್ಲಿ ಬಿದ್ದದ್ದೊಂದೇ. ಚೂಪು ಅಂಚು ನೀರು ಕಚ್ಚಿ ಎಳೆದಂತೆ, ಹಲಗೆ ಮಗುಚಿದಂತೆ, ನಾನು ಮೂರು ಪಲ್ಟಿ ಹೊಡೆದು ಮರದ ಹೊಟ್ಟಿನ ರಾಶಿಯೊಳಗೆ ಹೋಗಿ ಬಿದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾವ ನಗಲಿಲ್ಲ. "ಇನ್ನೊಂದ್ಸಲ," ಎಂದ. ಜನ ಚಪ್ಪಾಳೆ ತಟ್ಟಿದರು, ನಾನು ಇನ್ನೊಂದು ಸಲ ಬಿದ್ದೆ.

ಎರಡು ದಿನ ಬಿಟ್ಟು ಶೆಡ್ಡಿಗೆ ಹೋದಾಗ ನೆಲದ ತುಂಬ ಹಳದಿ ಬಣ್ಣದ ಸುರುಳಿ ಸಿಪ್ಪೆ ಬಿದ್ದಿತ್ತು. ಹಲಗೆಯ ಚೂಪು ಅಂಚನ್ನು ಮಾವ ಉಜ್ಜಿ ಉಜ್ಜಿ ಇನ್ನೊಂದು ಅಂಚಿನಂತೆಯೇ ದುಂಡಗೆ ಮಾಡಿದ್ದ. ಎರಡೂ ಕಡೆ ಒಂದೇ ಥರ, ಸಮ. ಮಟ್ಟ ಮಾಡುವುದೇ ಅವನ ಕಸುಬು.

"ಇನ್ಮೇಲೆ ಎಳೆಯಲ್ಲ ಬಿಡು," ಎಂದ ಸಂತೋಷದಿಂದ.

ಆಗಲಾದರೂ ಬಾಯಿ ಬಿಡಬಹುದಿತ್ತು. "ಸೂಪರ್ ಮಾವ," ಎಂದೆ. ಮುಂದಿನ ವಾರ ನಾಲೆಯಲ್ಲಿ ಇಳಿಸಿದರೆ ಆ ಹಲಗೆಗೆ ಯಾವ ಕಡೆಯೂ ನೀರು ಹಿಡಿಯಲು ಬರಲಿಲ್ಲ. ಸೋಪಿನ ಬಿಲ್ಲೆಯಂತೆ ಜಾರಿ ಜಾರಿ ಹೋಯಿತು. ಮಾವ ಹಗ್ಗ ಹಿಡಿದು ನಿಂತಲ್ಲೇ ತಲೆ ಕೆರೆದುಕೊಂಡ. ಎಲ್ಲಿ ತಪ್ಪಿತೆಂದು ತಿಂಗಳುಗಟ್ಟಲೆ ತನ್ನ ಕೈಯಲ್ಲೇ ಹುಡುಕಿದ. ನಾನು ನೋಡುತ್ತಿದ್ದೆ.

ವಿಡಿಯೊ ಅವನಿಗೆ ಸಿಕ್ಕಿದ್ದು ಸಂಕ್ರಾಂತಿಯ ಹೊತ್ತಿಗೆ. ಅತ್ತೆಯ ತಮ್ಮನ ಮಗುವಿನ ಫೋಟೋ ನೋಡಲೆಂದು ನನ್ನ ಫೋನ್ ಕೇಳಿ ತೆಗೆದುಕೊಂಡ. ಬೆರಳು ಒಂದು ಸಲ ಜಾಸ್ತಿ ಸರಿಯಿತು. ಸಮುದ್ರದ ಸದ್ದು ಕೇಳಿ ನಾನು ತಿರುಗಿದೆ. ಅವನು ಅದನ್ನು ಪೂರ್ತಿ ನೋಡಿದ. ಮತ್ತೆ ಮೊದಲಿಂದ ನೋಡಿದ. ಕೊನೆಗೆ ನನ್ನದೇ ದನಿ ಕೇಳಿಸುತ್ತದೆ, "ಬಿದ್ದೇ ಇಲ್ವಲ್ರೀ!" ಎಂದು. ಮೂರನೆಯ ಸಲವೂ ನೋಡಿದ.

"ಇವ್ನು ಯಾರೋ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಮುಟ್ಟಬಾರದು ಎಂದದ್ದನ್ನೂ.

ಅವನು ಬೈಯುತ್ತಾನೆಂದು ಕಾದೆ. ಬೈದಿದ್ದರೆ ಅದನ್ನೂ ಕಲಿತು ಎಲ್ಲಾದರೂ ಆಡಿಬಿಡುತ್ತಿದ್ದೆನೇನೋ. ಅವನು ಫೋನನ್ನು ಒರೆಸಿ ನನ್ನ ಕೈಗಿಟ್ಟ. "ಹೆದ್ರಿಕೆ ಆಯ್ತು ಅಂದಿದ್ರೆ ಆಗ್ತಿತ್ತು ಕಣೋ. ನಾನೇನ್ ಈಜ್ತೀನಾ?" ಎಂದ.

ಆ ಹಲಗೆ ಈಗ ಶೆಡ್ಡಿನ ಗೋಡೆಗೆ ಒರಗಿದೆ. ಅದನ್ನು ಗದ್ದೆಗಾದರೂ ಕೊಡೋಣವೆಂದರೆ ಎರಡೂ ಅಂಚು ದುಂಡಗಿರುವ ಹಲಗೆ ಕೆಸರನ್ನೂ ಸಮ ಮಾಡುವುದಿಲ್ಲವಂತೆ. ಮಾವ ಅದರಂತೆಯೇ ಇನ್ನೊಂದು ಮಾಡಲು ಎರಡು ಸಲ ಕೂತ. ಮೊದಲಿನ ಅಂಚುಗಳ ಅಳತೆಯನ್ನು ಯಾರೂ ತೆಗೆದಿಟ್ಟಿರಲಿಲ್ಲ. ಯಾವುದಕ್ಕೂ ನಕಲು ತೆಗೆಯುವ ನನ್ನ ಅಂಗಡಿಯಲ್ಲಿ ಅದೊಂದರ ನಕಲಿಲ್ಲ.

ಹೋದ ಆಷಾಢದಲ್ಲಿ ಅವನೇ ಫೋನ್ ಮಾಡಿದ. "ಗಾಳಿ ಬಿಟ್ಟೈತೆ. ಬತ್ತೀಯಾ?" ಅಂಗಡಿಯ ಬಾಗಿಲು ಎಳೆದು ಅಯ್ಯನಕೆರೆಗೆ ಓಡಿದೆ. ಹೊಸ ಹಲಗೆ, ಮತ್ತೆ ಹೆಬ್ಬೇವಿನದು, ಒಂದು ಅಂಚು ಇನ್ನೊಂದಕ್ಕಿಂತ ಚೂರು ದಪ್ಪ. ನೀರಿಗೆ ಇಳಿದು ಒಂದು ಸುತ್ತು ಹೋಗಿ ಬಂದೆ. ಏರಿ ಹತ್ತಿ, ಅಭ್ಯಾಸದಂತೆ ಎರಡೂ ಕೈ ಚಾಚಿ ಹಲಗೆಯಾದೆ.

"ಆಡ್ಬ್ಯಾಡ," ಎಂದ ಮಾವ. "ಬಾಯಲ್ಲೇ ಹೇಳು."

ಕೈ ಇಳಿಸಿದೆ. "ಬಲಗಡೆಗೆ ಎಳೀತು ಮಾವ. ಇಲ್ಲಾ... ನಾನೇ ವಾಲ್ದೆ ಅನ್ಸುತ್ತೆ. ಸರ್ಯಾಗ್ ಗೊತ್ತಾಗ್ಲಿಲ್ಲ."

ಅವನು ನನ್ನ ಮುಖ ನೋಡಲಿಲ್ಲ, ನೀರನ್ನೇ ನೋಡುತ್ತಿದ್ದ. ಪೆನ್ಸಿಲ್ ಕಿವಿಯ ಮೇಲೇ ಇತ್ತು.

"ಇನ್ನೊಂದ್ಸಲ ಹೋಗ್ ಬಾ," ಎಂದ.

ಹೋಗಿ ಬಂದೆ, ಹೇಳಿದೆ. ಮತ್ತೆ ಹೋಗಿ ಬಾ ಎಂದ. ಆವತ್ತು ಒಟ್ಟು ಆರು ಸಲ ಹೋಗಿ ಬಂದೆ. ಮೊದಲೆಲ್ಲ ಒಂದು ಸಲ ಸಾಕಾಗುತ್ತಿತ್ತು.