ಎಲೆ ಉದುರಿದ್ದಕ್ಕೆ ಕ್ಷಮೆ

ಓಸಾಕಾದ ಆ ದೇವರಕಾಡು ನಗರಕ್ಕಿಂತ ಹಳೆಯದು. ಸುತ್ತ ಎದ್ದ ಅಪಾರ್ಟ್‌ಮೆಂಟುಗಳು ಅದನ್ನು ನುಂಗುತ್ತ ಬಂದು, ಕೊನೆಗೆ ಗುಡಿಯ ಹಿಂದೆ ಕರ್ಪೂರದ ಮರಗಳ ಒಂದು ತುಂಡು ಮಾತ್ರ ಉಳಿದಿತ್ತು. ಅದನ್ನು ಗುಡಿಸುವವಳು ಫುಸಾಯೆ. ಮದುವೆಯಾಗಿ ಬಂದ ವರ್ಷವೇ ಅತ್ತೆ ಕೈಗೆ ಬಿದಿರಿನ ಪೊರಕೆ ಕೊಟ್ಟಿದ್ದಳು. ಅತ್ತೆ ಹೋದಳು, ಗಂಡ ಹೋದ, ಪೊರಕೆ ಕೈಬಿಡಲಿಲ್ಲ. ಗುಡಿಸಿದ ಎಲೆಯನ್ನು ಹೊರಗೆ ಎಸೆಯುವಂತಿಲ್ಲ, ದೇವರ ಸೊತ್ತು. ಮರದ ಬುಡಕ್ಕೇ ಹಾಕಬೇಕು.

ಗಾಳಿ ಈ ಕಟ್ಟಳೆ ಕೇಳುತ್ತದೆಯೇ? ಕರ್ಪೂರದ ಮರ ಎಲೆ ಉದುರಿಸುವುದು ವಸಂತದಲ್ಲಿ. ಊರೆಲ್ಲ ಹೂ ನೋಡಲು ಹೊರಟಾಗ ಫುಸಾಯೆ ಅಕ್ಕಿ ಕಡುಬಿನ ಪೊಟ್ಟಣ ಹಿಡಿದು ಮನೆಮನೆಯ ಬಾಗಿಲಲ್ಲಿ ನಡು ಬಗ್ಗಿಸುವಳು.

"ನಮ್ಮ ಮರಗಳಿಂದ ನಿಮಗೆ ತುಂಬಾ ತೊಂದರೆ ಆಯ್ತು, ಕ್ಷಮಿಸಿ."

"ಬಾಲ್ಕನೀಲಿ ಒಂದು ಬಟ್ಟೆ ಒಣಗಿಸೋ ಹಾಗಿಲ್ಲ ಅಜ್ಜಿ," ಎಂದು ಮೂರನೇ ಮಹಡಿಯ ಹೆಂಗಸು ಗೊಣಗುತ್ತಲೇ ಕಡುಬು ಒಳಗೆ ಸೇರಿಸುವಳು.

"ಹೌದಮ್ಮ, ತಪ್ಪಾಯ್ತು."

ಫುಸಾಯೆಯ ಮನಸ್ಸಿನಲ್ಲಿ ತಪ್ಪೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಹಾಗೆ ಹೇಳದಿದ್ದರೆ ನೆರೆಹೊರೆ ನಿಲ್ಲುವುದಿಲ್ಲ, ಅಷ್ಟೇ.

ಈ ವರ್ಷ ಗುಡಿಯ ಮಂಡಳಿಗೆ ಬುದ್ಧಿ ಬಂದುಬಿಟ್ಟಿತು: ಕಾಡು ಕಡಿದು ಕಾರು ಪಾರ್ಕಿಂಗ್ ಮಾಡಿದರೆ ಸೋರುವ ಸೂರು ರಿಪೇರಿಯಾಗುತ್ತದಂತೆ. ನೆರೆಯವರನ್ನೂ ಕರೆದು ಸಭೆ ಇಟ್ಟರು. ಒಬ್ಬರು ಬೇಡವೆಂದರೂ ಕೆಲಸ ನಿಲ್ಲಿಸುವುದು ಮಂಡಳಿಯ ಹಳೆಯ ಪದ್ಧತಿ. ಆ ಒಂದು 'ಬೇಡ'ವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಫುಸಾಯೆ ಹಿಂದಿನ ಸಾಲಿನಲ್ಲಿ ಕೂತಿದ್ದಳು.

"ಯಾರದಾದ್ರೂ ತಕರಾರಿದ್ಯಾ?" ಎಂದ ಅಧ್ಯಕ್ಷ ಶಿಮೋಡಾ.

ಅವಳು ಎದ್ದಳು. ನೆರೆಯವರೆಲ್ಲ ಒಮ್ಮೆಗೇ ತಿರುಗಿ ನೋಡಿದರು. ಅಷ್ಟು ಮುಖಗಳನ್ನು ಕಂಡದ್ದೇ ನಡು ತಾನಾಗಿ ಬಗ್ಗಿತು.

"ನಮ್ಮ ಮರಗಳಿಂದ... ನಿಮಗೆಲ್ಲ ತುಂಬಾ ತೊಂದರೆ ಆಯ್ತು. ಕ್ಷಮಿಸಿ."

"ಬಿಡಿ ಅಜ್ಜಿ, ಇನ್ನೇನು ಮುಗೀತಲ್ಲ!" ಯಾರೋ ನಕ್ಕರು.

"ಗುಡಿಸೋರೇ ಹೇಳಿದ್ಮೇಲೆ ನಮ್ದೇನಿದೆ?" ಎಂದು ಶಿಮೋಡಾ ಹಾಳೆ ಮಗುಚಿದ. "ಸರಿ, ಮುಂದಿನ ವಿಷಯ."

ತಾನು ಹೇಳಲು ಎದ್ದದ್ದು ಅದಲ್ಲವೆಂದು ಕೂಗಬೇಕೆನಿಸಿತು. ದೊಡ್ಡ ಮನುಷ್ಯರ ಮಾತಿನ ನಡುವೆ ಬಾಯಿ ಹಾಕಿ ಅವಳಿಗೆ ಅಭ್ಯಾಸವಿರಲಿಲ್ಲ. ಕೂತುಕೊಂಡಳು, ಪಾಪಿ.

ಕಡಿಯುವ ದಿನ ಪೂಜಾರಿ ಶುದ್ಧಿಗೆಂದು ಉಪ್ಪೆರಚಿ, ಬುಡಗಳಿಗೆ ಅಕ್ಕಿಮದ್ಯ ಎರೆದು, ಮರಗಳ ಕ್ಷಮೆ ಕೇಳಿದ. ಆಮೇಲೆ ಮಂಡಳಿಯವರು ಒಬ್ಬೊಬ್ಬರಾಗಿ ಬಂದು ಕೇಳಿದರು; ಗರಗಸದವನೂ ಕೇಳಿದ. ಫುಸಾಯೆಯ ಸರದಿ ಬಂತು. ಕಂಡಕಂಡವರೆದುರು ಜೀವಮಾನವಿಡೀ ಸಲೀಸಾಗಿ ಹರಿದ ಆ ಮಾತು ಅಂದು ಗಂಟಲಿನಿಂದ ಮೇಲೇರಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಿಯಾಳು?

"ಅಜ್ಜಿ, ಸ್ವಲ್ಪ ಸರೀತೀರಾ?" ಎಂದ ಗರಗಸದವನು.

ಅವಳು ಸರಿದು ನಿಂತಳು.